ಹಳೆಯ ಷೆವರ್ಲೆ ವಿ8ರ ಇನ್‌ಟೇಕ್ ಮ್ಯಾನಿಫೋಲ್ಡ್ ಬೀಡೋ (ಎರಕದ ಕಬ್ಬಿಣ) ಅಲ್ಯೂಮಿನಿಯಮ್ಮೋ, ಬಿಚ್ಚದೆ ತಿಳಿಯೋದು ಹೇಗೆ?

1970ರ ಆಸುಪಾಸಿನ 350 ಸ್ಮಾಲ್ ಬ್ಲಾಕ್ (350 ಘನ ಇಂಚಿನ ಷೆವರ್ಲೆ ವಿ8 ಎಂಜಿನ್), ಕಾರ್ಬೊರೇಟರಿನಿಂದ ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲ್ ಒಯ್ಯುವ ಮ್ಯಾನಿಫೋಲ್ಡ್ ಸಮೇತ ಪೂರ್ತಿ ಕಿತ್ತಳೆ ಬಣ್ಣ, ಮಾರುವವನು ಅಲ್ಯೂಮಿನಿಯಂ ಅಂತಾನೆ, ನಂಬಬಹುದಾ ಅಂತ ಕೇಳಿದ್ದೀರಿ. ಊರಲ್ಲಿರುವ ಅಪ್ಪನ ಮಹೀಂದ್ರ ಜೀಪಿಗೂ ಇದೇ ಪರೀಕ್ಷೆ ನಡೆಯುತ್ತಾ ಅಂತಲೂ ಕೇಳಿದ್ದೀರಿ. ಜೀಪಿನ ವಿಷಯ ಕೊನೆಗೆ.

ಬಣ್ಣ ನೋಡಿ ತೀರ್ಮಾನಿಸಬೇಡಿ. ಬೀಡಿಗೆ ಬೆಳ್ಳಿ ಬಣ್ಣ ಹೊಡೆದು ಅಲ್ಯೂಮಿನಿಯಂ ಅಂತ ಮಾರುವವರೂ ಇದ್ದಾರೆ, ಒಳ್ಳೆಯ ಅಲ್ಯೂಮಿನಿಯಂ ಮೇಲೆ ಕಿತ್ತಳೆ ಬಳಿದವರೂ ಇದ್ದಾರೆ. ಗುಜರಿ ಅಂಗಡಿಯವರು ಮಾಡುವುದನ್ನೇ ಮಾಡಿ, ಮ್ಯಾಗ್ನೆಟ್ ಹಿಡಿಯಿರಿ. ಬೀಡಾದರೆ ಬಣ್ಣದ ಮೇಲಿಂದಲೂ ಕಚ್ಚಿಕೊಳ್ಳುತ್ತದೆ. ಫ್ರಿಜ್ ಬಾಗಿಲಿಗೆ ಅಂಟಿಸುವ ತೆಳು ಮ್ಯಾಗ್ನೆಟ್ ಬೇಡ, ಎರಡು ಮೂರು ಪದರ ಬಣ್ಣ ಇದ್ದರೆ ಅದು ಸೋಲುತ್ತದೆ. ಹಳೆಯ ಸ್ಪೀಕರಿನದ್ದು ಸಾಕು.

ಜನ ಎಡವುವುದು ಎಲ್ಲಿ ಹಿಡಿಯಬೇಕು ಅನ್ನೋದರಲ್ಲಿ. ಅಲ್ಯೂಮಿನಿಯಂ ಮ್ಯಾನಿಫೋಲ್ಡಿನಲ್ಲೂ ಉಕ್ಕು ಬೇಕಾದಷ್ಟಿದೆ: ಬೋಲ್ಟ್‌ಗಳು, ಕಾರ್ಬೊರೇಟರ್ ಸ್ಟಡ್‌ಗಳು, ಚೋಕ್ ಕೂರುವ ಗುಳಿಯ ತಗಡು, ಥ್ರೆಡ್ ಹೋದಾಗ ಯಾರೋ ಹಾಕಿಸಿದ ಇನ್‌ಸರ್ಟ್. ಬಿಚ್ಚಿಟ್ಟ ಮ್ಯಾನಿಫೋಲ್ಡ್ ಆದರೆ ತಳದಲ್ಲಿ ಎಣ್ಣೆ ತಡೆಯುವ ಉಕ್ಕಿನ ತಗಡೂ ಇರುತ್ತದೆ. ಇವುಗಳ ಹತ್ತಿರ ಹಿಡಿದು ‘ಕಚ್ಚಿತು, ಬೀಡು’ ಅಂತ ಒಳ್ಳೆಯ ವಸ್ತುವನ್ನು ಬಿಟ್ಟು ಬರಬೇಡಿ. ಗಾಳಿ ಹೋಗುವ ಕೊಳವೆಗಳ, ಅಂದರೆ ರನ್ನರ್‌ಗಳ ನಡುಭಾಗದಲ್ಲಿ, ಯಾವುದೇ ಬೋಲ್ಟಿನಿಂದ ಎರಡು ಇಂಚು ದೂರದಲ್ಲಿ, ಮೂರು ನಾಲ್ಕು ಕಡೆ ಹಿಡಿದು ನೋಡಿ.

ಅನುಮಾನ ಉಳಿದರೆ, ಮಾರುವವನನ್ನು ಕೇಳಿಕೊಂಡು, ಕಾರ್ಬೊರೇಟರ್ ಕೂರುವ ಫ್ಲ್ಯಾಂಜಿನ ಕೆಳ ಅಂಚಿನಲ್ಲಿ ಸಣ್ಣ ಅರದಿಂದ ನಾಲ್ಕು ಸಲ ಉಜ್ಜಿ. ಅಲ್ಯೂಮಿನಿಯಂ ಬೆಳ್ಳಗೆ ಹೊಳೆಯುತ್ತದೆ, ಮೆತ್ತಗಿನ ಚೂರುಗಳು ಅರದ ಹಲ್ಲಿಗೆ ಮೆತ್ತಿಕೊಳ್ಳುತ್ತವೆ. ಬೀಡಿನಿಂದ ಉದುರುವುದು ಬೂದು ಪುಡಿ. ಅದನ್ನು ಬೆರಳಲ್ಲಿ ತಿಕ್ಕಿದರೆ ಪೆನ್ಸಿಲ್ ಸೀಸದ ಹಾಗೆ ಕಪ್ಪು ಹತ್ತುತ್ತದೆ, ಯಾಕೆಂದರೆ ಬೀಡಿನೊಳಗೆ ಇರುವುದೂ ಅದೇ ಗ್ರ್ಯಾಫೈಟ್. ಬಣ್ಣ ಎದ್ದ ಕಡೆ ಕೆಂಪು ತುಕ್ಕು ಕಂಡರೆ ಬೀಡು, ಸುಣ್ಣದಂಥ ಬಿಳಿ ಪುಡಿ ಕಂಡರೆ ಅಲ್ಯೂಮಿನಿಯಂ. ತಟ್ಟಿ ಸದ್ದು ಕೇಳುವ ವಿದ್ಯೆಯನ್ನು, ಮ್ಯಾನಿಫೋಲ್ಡ್ ಎಂಜಿನ್ ಮೇಲೇ ಇರುವಾಗ, ನಾನು ನಂಬುವುದಿಲ್ಲ.

ಬಿಚ್ಚಿಟ್ಟಿದ್ದರೆ ಎತ್ತಿ ನೋಡಿದರೆ ಮುಗಿಯಿತು. ಈ ಎಂಜಿನ್ನಿನ, ನಾಲ್ಕು ಬ್ಯಾರೆಲ್ ಕಾರ್ಬೊರೇಟರ್ ಕೂರುವ ಬೀಡಿನ ಮ್ಯಾನಿಫೋಲ್ಡ್ ಸುಮಾರು 16ರಿಂದ 18 ಕೆಜಿ, ಅಲ್ಯೂಮಿನಿಯಮ್ಮಿನದ್ದು ಅದರ ಅರ್ಧದಷ್ಟು. (ಫೋರ್ಡಿನ 390ರಂಥ ಎಫ್‌ಇ ಎಂಜಿನ್ನುಗಳ ಬೀಡಿನ ಮ್ಯಾನಿಫೋಲ್ಡನ್ನು ಮಾತ್ರ ಒಬ್ಬರೇ ಎತ್ತಲು ಹೋಗಬೇಡಿ. ಅದು ವಾಲ್ವ್ ಕವರಿನ ಅಡಿಯವರೆಗೂ ಚಾಚಿಕೊಂಡಿರುತ್ತದೆ, ವಾಲ್ವ್ ತೆರೆಯುವ ಪುಷ್‌ರಾಡುಗಳೂ ಅದರ ಮೂಲಕವೇ ಹಾಯುತ್ತವೆ. ಅಷ್ಟು ಭಾರ, ಸೊಂಟಕ್ಕೆ ಕೇಡು.)

ಇನ್ನು ಎರಕದ ನಂಬರು, ಅಂದರೆ ಎರಕ ಹೊಯ್ಯುವಾಗಲೇ ಮೂಡಿಸಿದ ಗುರುತಿನ ಸಂಖ್ಯೆ. ರನ್ನರ್ ಮೇಲೆ ಉಬ್ಬಿದ ಅಕ್ಷರಗಳಲ್ಲಿರುತ್ತದೆ. ಮೊದಲ ಸಲ ನೋಡುವವರು 18436572 ಅಂತ ಬರೆದುಕೊಂಡು ಇಡೀ ಇಂಟರ್ನೆಟ್ ಜಾಲಾಡುತ್ತಾರೆ. ಅದು ಸಿಲಿಂಡರುಗಳ ಫೈರಿಂಗ್ ಆರ್ಡರ್ (ಕಿಡಿ ಹತ್ತುವ ಸರದಿ), ಎರಕದ ನಂಬರಲ್ಲ! ಆ ಕಾಲದ ನಂಬರು ಸಾಮಾನ್ಯವಾಗಿ 3ರಿಂದ ಶುರುವಾಗುವ ಏಳು ಅಂಕಿ. 3917610 ಅಂತಿದ್ದರೆ 1967-68ರ ಕ್ಯಾಮರೊ ಜೆಡ್/28ರ 302 ಎಂಜಿನ್ನಿನ ಅಲ್ಯೂಮಿನಿಯಂ. 3972110 ಆದರೆ 350ರಲ್ಲೇ ಬಂದ ಹೆಚ್ಚು ಶಕ್ತಿಯ ಎಲ್‌ಟಿ-1 ಎಂಜಿನ್ನಿನದ್ದು, ಅದೂ ಅಲ್ಯೂಮಿನಿಯಂ. ಹಿಮದ ಹರಳಿನ ಗುರುತು ಕಂಡರೆ ಅದು ಓಹಿಯೋದ ವಿಂಟರ್ಸ್ ಫೌಂಡ್ರಿಯ ಅಲ್ಯೂಮಿನಿಯಂ ಎರಕ. ಎಡೆಲ್‌ಬ್ರಾಕ್, ವಯಾಂಡ್ ಅಂತ ಹೊರಗಿನ ತಯಾರಕರ ಹೆಸರು ಎರಕದಲ್ಲೇ ಇದ್ದರೆ ಆಮೇಲೆ ಹಾಕಿಸಿದ್ದು. ಅದು ಅಲ್ಯೂಮಿನಿಯಮ್ಮೇ ಆದರೂ ಕಾರ್ಖಾನೆಯದ್ದಲ್ಲ, ಬೆಲೆ ಮಾತಾಡುವಾಗ ನೆನಪಿರಲಿ.

ಅಲ್ಯೂಮಿನಿಯಂ ಅಂತ ಖಚಿತವಾದರೆ ಮುಂದಿನ ಕೆಲಸದ ರೀತಿಯೇ ಬದಲಾಗುತ್ತದೆ. ಮೊದಲನೆಯದು ತೊಳೆಯುವುದು. ಮೆಷಿನ್ ಶಾಪಿನ ಬಿಸಿ ತೊಟ್ಟಿಗಳಲ್ಲಿ ಬಹಳ ಕಡೆ ಕಾಸ್ಟಿಕ್ ಸೋಡಾ ಇರುತ್ತದೆ. ಬೀಡು ಅದರಲ್ಲಿ ಚೊಕ್ಕವಾಗಿ ಎದ್ದು ಬರುತ್ತದೆ. ಅಲ್ಯೂಮಿನಿಯಂ ನೊರೆಯೆದ್ದು ಕಪ್ಪಾಗಿ, ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ಪದರ) ಕೂರುವ ಮುಖವೇ ತಿಂದುಹೋಗುತ್ತದೆ. ಕಿತ್ತಳೆ ಬಣ್ಣ ನೋಡಿ ಹುಡುಗರು ಬೀಡು ಅಂದುಕೊಂಡು ಮುಳುಗಿಸಿಬಿಟ್ಟಾರು, ಕೊಡುವಾಗಲೇ ಬಾಯಿಬಿಟ್ಟು ಹೇಳಿ, ಚೀಟಿಯನ್ನೂ ಕಟ್ಟಿ. ಎರಡನೆಯದು, ಬಿಸಿಯಲ್ಲಿ ಅಲ್ಯೂಮಿನಿಯಂ ಬೀಡಿನ ಎರಡರಷ್ಟು ಹಿಗ್ಗುತ್ತದೆ. ಕೆಳಗಿನ ಸಿಲಿಂಡರ್ ಹೆಡ್‌ಗಳು ಬೀಡು, ಮೇಲಿನದು ಅಲ್ಯೂಮಿನಿಯಂ, ನಡುವೆ ಸಿಕ್ಕಿದ ಗ್ಯಾಸ್ಕೆಟ್ ಎಂಜಿನ್ ಬಿಸಿಯಾಗಿ ತಣಿಯುವ ಪ್ರತಿ ಸಲವೂ ಉಜ್ಜಿಸಿಕೊಳ್ಳುತ್ತದೆ. ಹಾಗಾಗಿ ಎಂಜಿನ್ ಪೂರ್ತಿ ತಣ್ಣಗಾದ ಮೇಲೇ ಬಿಚ್ಚಿ. ಕಟ್ಟುವಾಗ 12 ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ, 30 ಪೌಂಡ್-ಅಡಿಗೆ (ಸುಮಾರು 41 ನ್ಯೂಟನ್ ಮೀಟರ್) ಬಿಗಿಮಾಡಿ. ಬೋಲ್ಟಿನ ತಲೆ ಮೆತ್ತಗಿನ ಲೋಹಕ್ಕೆ ಇಳಿಯದ ಹಾಗೆ ದಪ್ಪ ವಾಷರ್ ಹಾಕಿ. ಕೊಳ್ಳುವ ಮೊದಲು ಥರ್ಮೋಸ್ಟಾಟ್ ಮನೆಯ ಸುತ್ತ ಮತ್ತು ನೀರಿನ ದಾರಿಯ ಬಾಯಲ್ಲಿ ಉಗುರು ಆಡಿಸಿ ನೋಡಿ. ಕೂಲಂಟ್ ಹಾಕದೆ ಬರೀ ನೀರಲ್ಲಿ ಓಡಿಸಿದ ಎಂಜಿನ್ನುಗಳಲ್ಲಿ ಅಲ್ಲೇ ಗುಂಡಿ ಬಿದ್ದಿರುತ್ತದೆ. ಗುಂಡಿ ಗ್ಯಾಸ್ಕೆಟ್ಟಿನ ಅಂಚು ದಾಟಿದ್ದರೆ ಟಿಗ್ ವೆಲ್ಡಿಂಗ್ ಮಾಡಿಸಿ ಮುಖ ಸಮ ಮಾಡಿಸಬೇಕು, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ.

ಅಪ್ಪನ ಜೀಪು ಪೆಟ್ರೋಲಿನ ಹರಿಕೇನ್ ಎಂಜಿನ್ನಿರುವ ಸಿಜೆ-3ಬಿ ಆಗಿದ್ದರೆ ಹುಡುಕುವ ಶ್ರಮವೇ ಬೇಡ. ಅದರಲ್ಲಿ ಬೇರೆ ಇನ್‌ಟೇಕ್ ಮ್ಯಾನಿಫೋಲ್ಡ್ ಇಲ್ಲ. ಗಾಳಿಯ ದಾರಿಯನ್ನು ಹೆಡ್‌ನೊಳಗೇ ಎರಕ ಹೊಯ್ದಿದ್ದಾರೆ, ಕಾರ್ಬೊರೇಟರ್ ನೇರ ಹೆಡ್ ಮೇಲೆ ಕೂರುತ್ತದೆ, ಹೆಡ್ ಬೀಡು. ಪಕ್ಕದಲ್ಲಿ ಬೋಲ್ಟ್ ಹಾಕಿ ಕೂರಿಸಿದ್ದು ಎಕ್ಸಾಸ್ಟ್ ಮಾತ್ರ. ನಡುವೆ ಯಾವಾಗಲೋ ಡೀಸೆಲ್ ಎಂಜಿನ್ ಹಾಕಿಸಿದ್ದರೆ ಮತ್ತೆ ಮ್ಯಾಗ್ನೆಟ್ ಹಿಡಿಯಬೇಕಾದೀತು.