ಯಾಗರ್ ಅವರ ಮೇಲಿನ ಎರಡು ಆಕ್ಷೇಪಗಳು

(ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ, ಚೆಕ್ ಐಸ್ ಹಾಕಿ ಆಟಗಾರ ಯರೊಮೀರ್ ಯಾಗರ್ ಅವರ ಕುರಿತ ಲೇಖನಕ್ಕೆ ಹಾಸನದ ಓದುಗರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಹಣದಾಸೆಗೆ ಪಿಟ್ಸ್‌ಬರ್ಗ್ ತಂಡವನ್ನು ತೊರೆದವರ ಜರ್ಸಿ ಸಂಖ್ಯೆಗೆ ಅದೇ ತಂಡ 2024ರಲ್ಲಿ ಗೌರವ ಸಲ್ಲಿಸಿದ್ದು ಸರಿಯಲ್ಲ ಎಂಬುದು ಅವರ ಮೊದಲ ಆಕ್ಷೇಪ. ಸ್ವಂತ ತಂಡವೊಂದಿದ್ದರೆ ಐವತ್ತರ ವಯಸ್ಸಿನಲ್ಲಿ ಯಾರು ಬೇಕಾದರೂ ಆಡಬಹುದು, ಅದನ್ನು ವೃತ್ತಿಜೀವನವೆಂದು ಕರೆಯಲಾಗದು ಎಂಬುದು ಎರಡನೆಯದು. ಐಸ್ ಹಾಕಿಯ ದಿಗ್ಗಜರನ್ನು ಗೌರವಿಸುವ ಟೊರಾಂಟೊದ ಹಾಲ್ ಆಫ್ ಫೇಮ್‌ನಲ್ಲಿ ಯಾಗರ್ ಹೆಸರು ಏಕಿಲ್ಲವೆಂದೂ ಕೇಳಿದ್ದಾರೆ. – ಸಂ.)

ಮಾನ್ಯರೇ,

ತಮ್ಮ ಪತ್ರಕ್ಕಾಗಿ ಕೃತಜ್ಞತೆಗಳು. ಮೊದಲ ಆಕ್ಷೇಪವನ್ನು ನಾನು ಒಪ್ಪಲಾರೆ. ಎರಡನೆಯದರಲ್ಲಿ ಅರ್ಧದಷ್ಟು ಸತ್ಯವಿದೆ.

ಯಾಗರ್ ಹುಟ್ಟಿದ್ದು 1972ರಲ್ಲಿ, ಪ್ರಾಗ್ ನಗರಕ್ಕೆ ಸಮೀಪದ ಕ್ಲಾದ್ನೊ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ. ಕಮ್ಯುನಿಸ್ಟ್ ಆಡಳಿತದಲ್ಲಿ ಜಮೀನು ಕಳೆದುಕೊಂಡ ಕುಟುಂಬ ಅವರದು. ಸೆರೆವಾಸ ಅನುಭವಿಸಿದ್ದ ತಾತ ತೀರಿಕೊಂಡದ್ದು 1968ರಲ್ಲಿ, ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದ ವರ್ಷದಲ್ಲಿಯೇ. ಯಾಗರ್ ಬೆನ್ನ ಮೇಲೆ ಜೀವನಪೂರ್ತಿ ಹೊತ್ತು ತಿರುಗಿದ 68 ಎಂಬ ಸಂಖ್ಯೆ ಅಲ್ಲಿಂದ ಬಂದದ್ದು. ಅವರಿಗಿಂತ ಸ್ವಲ್ಪ ಹಿರಿಯನಾದ ಪೆಟರ್ ನೆದ್ವೇದ್ 1989ರ ಆರಂಭದಲ್ಲಿ ಪಂದ್ಯಾವಳಿಗೆಂದು ಕೆನಡಾದ ಕ್ಯಾಲ್ಗರಿಗೆ ಹೋದಾಗ, ಹದಿನೇಳರ ಹರೆಯದಲ್ಲಿ, ಮನೆಯವರನ್ನು ಬಿಟ್ಟು ಅಲ್ಲಿಯೇ ಆಶ್ರಯ ಬೇಡಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ಆಡಳಿತ ಉರುಳಿತು. 1990ರ ಬೇಸಿಗೆಯಲ್ಲಿ ವ್ಯಾಂಕೂವರ್‌ನಲ್ಲಿ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್ ಹೊಸ ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟ್ ನಡೆದಾಗ ನೆದ್ವೇದ್ ಎರಡನೆಯವರಾಗಿಯೂ ಯಾಗರ್ ಐದನೆಯವರಾಗಿಯೂ ಆಯ್ಕೆಯಾದರು. ದೇಶ ಬಿಟ್ಟು ಓಡಿಬರದೆ ಆ ಸಮಾರಂಭಕ್ಕೆ ರಾಜಾರೋಷವಾಗಿ ಬಂದ ಮೊದಲ ಚೆಕೊಸ್ಲೊವಾಕಿಯಾದ ಆಟಗಾರ ಯಾಗರ್. ಹದಿನೆಂಟರ ಆ ಹುಡುಗನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಮನೆಯ ನೆನಪು ಬಿಡುತ್ತಿರಲಿಲ್ಲ. ಕಡೆಗೆ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡ ಆತನಿಗೆ ಜೊತೆಯಾಗಲೆಂದು ಯಿರ್ಜಿ ಹರ್ದಿನಾ ಎಂಬ ಹಿರಿಯ ಚೆಕ್ ಆಟಗಾರನನ್ನು ಕ್ಯಾಲ್ಗರಿಯಿಂದ ಕರೆತಂದಿತು. ಆ ಋತುವಿನಲ್ಲೂ ಅದರ ಮುಂದಿನದರಲ್ಲೂ, ಅಂದರೆ 1991 ಮತ್ತು 1992ರಲ್ಲಿ, ತಂಡ ಆ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದಿತು.

ಈಗ ತಮ್ಮ ಮೊದಲ ಆಕ್ಷೇಪ. ಯಾಗರ್ ಪಿಟ್ಸ್‌ಬರ್ಗ್‌ನಿಂದ ಹೊರಬಿದ್ದದ್ದು 2001ರ ಜುಲೈಯಲ್ಲಿ. ಅದು ಅವರು ಒಪ್ಪಂದ ಮುಗಿಸಿಕೊಂಡು ಹೊರಟದ್ದಲ್ಲ. ತಂಡವೇ ಅವರನ್ನು ಮೂವರು ಹೊಸಬರಿಗೆ ಬದಲಾಗಿ ವಾಷಿಂಗ್ಟನ್ ತಂಡಕ್ಕೆ ಕೊಟ್ಟುಬಿಟ್ಟಿತು. ಆ ಲೀಗಿನಲ್ಲಿ ಆಟಗಾರನ ಒಪ್ಪಂದವೆಂಬುದು ತಂಡದ ಆಸ್ತಿ, ಅದನ್ನು ಇನ್ನೊಂದು ತಂಡಕ್ಕೆ ವರ್ಗಾಯಿಸುವುದು ಅಲ್ಲಿ ದಿನನಿತ್ಯದ ವ್ಯವಹಾರ. ಪಿಟ್ಸ್‌ಬರ್ಗ್ 1998ರಲ್ಲಿ ದಿವಾಳಿ ಅರ್ಜಿ ಹಾಕಿಕೊಂಡಿತ್ತು. ಸಂಬಳದ ಬಾಕಿ ಬರಬೇಕಿದ್ದ ಹಿಂದಿನ ನಾಯಕ ಮಾರಿಯೊ ಲೆಮ್ಯೂ ಆ ಬಾಕಿಯನ್ನೇ ಬಂಡವಾಳವಾಗಿಸಿ ತಂಡದ ಒಡೆಯರಾಗಿದ್ದರು. ಅಂಥ ತಂಡಕ್ಕೆ ಯಾಗರ್ ಅವರ ಸಂಬಳ ಹೊರೆಯಾಗಿತ್ತು. ಕೊನೆಯ ಋತುವಿನಲ್ಲಿ ಯಾಗರ್ ನೆಮ್ಮದಿಯಿಂದ ಇರಲಿಲ್ಲ, ಅದನ್ನು ಬಚ್ಚಿಡಲೂ ಇಲ್ಲ ಎಂಬುದು ನಿಜ. ಆದರೆ ಇಕ್ಕಟ್ಟಿನಲ್ಲಿದ್ದ ಯಜಮಾನ ಮಾರಿದ್ದಕ್ಕೆ ಮಾರಾಟವಾದವನನ್ನು ದೂರುವುದು ನ್ಯಾಯವಲ್ಲ.

ಅದೇ ಇಕ್ಕಟ್ಟಿನ ದಿನಗಳ ಒಂದು ಪಂದ್ಯವನ್ನು ಇಲ್ಲಿ ಹೇಳಲೇಬೇಕು. 1999ರ ಪ್ಲೇಆಫ್‌ನ (ಋತುವಿನ ಕೊನೆಯ ನಾಕೌಟ್ ಹಂತದ) ಮೊದಲ ಸುತ್ತಿನಲ್ಲಿ ತನ್ನ ವಿಭಾಗದ ಅಗ್ರ ತಂಡವಾದ ನ್ಯೂಜೆರ್ಸಿಯ ಎದುರಿನ ಏಳು ಪಂದ್ಯಗಳ ಸರಣಿಯಲ್ಲಿ ಪಿಟ್ಸ್‌ಬರ್ಗ್ 3-2ರಿಂದ ಹಿಂದಿತ್ತು. ತೊಡೆಸಂದಿನ ಗಾಯದಿಂದ ಹಲವು ಪಂದ್ಯಗಳಿಗೆ ಹೊರಗುಳಿದಿದ್ದ ನಾಯಕ ಯಾಗರ್ ಆರನೆಯ ಪಂದ್ಯಕ್ಕೆ ಕಾಲೆಳೆಯುತ್ತಲೇ ಇಳಿದರು. ಸೋತರೆ ಋತು ಮುಗಿಯಿತು. ತವರಿನಲ್ಲಿ ಇನ್ನಷ್ಟು ಪಂದ್ಯಗಳ ಟಿಕೆಟ್ ಹಣವೂ ಹೋಯಿತು. ಎರಡು ನಿಮಿಷ ಚಿಲ್ಲರೆ ಉಳಿದಿದ್ದಾಗ ಸಮಬಲದ ಗೋಲು ಹೊಡೆದವರು ಅವರೇ, ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲು ಹೊಡೆದವರೂ ಅವರೇ. ಏಳನೆಯ ಪಂದ್ಯವನ್ನೂ ಗೆದ್ದು ತಂಡ ಮುಂದಿನ ಸುತ್ತಿಗೆ ಹೋಯಿತು. ತಂಡ ಆ ಊರಿನಲ್ಲೇ ಉಳಿಯಲು ಆ ರಾತ್ರಿಯೂ ಒಂದು ಕಾರಣವೆಂದು ಪಿಟ್ಸ್‌ಬರ್ಗ್‌ನ ಹಳೆಯ ಅಭಿಮಾನಿಗಳು ಈಗಲೂ ವಾದಿಸುತ್ತಾರೆ. 2024ರ ಫೆಬ್ರುವರಿಯಲ್ಲಿ 68ನೇ ಸಂಖ್ಯೆಯನ್ನು ಮಾಡಿಗೇರಿಸಿದ ತಂಡ ಗೌರವಿಸಿದ್ದು ಇಂಥ ಹನ್ನೊಂದು ಋತುಗಳನ್ನು.

ತಾವು ಸಿಟ್ಟಾಗಲು ನಿಜವಾದ ಕಾರಣ ಬೇಕಿದ್ದರೆ ಅದು 2011ರಲ್ಲಿ ಸಿಗುತ್ತದೆ. ರಷ್ಯಾದ ಓಮ್ಸ್ಕ್ ನಗರದಲ್ಲಿ ಮೂರು ಋತು ಆಡಿ ಮರಳಿದ ಯಾಗರ್ ಪಿಟ್ಸ್‌ಬರ್ಗ್‌ಗೇ ಬರುವರೆಂದು ಎಲ್ಲರೂ ಕಾದಿದ್ದರು. ಅವರು ಅದೇ ರಾಜ್ಯದ ಬದ್ಧ ಎದುರಾಳಿ ಫಿಲಡೆಲ್ಫಿಯಾಕ್ಕೆ 33 ಲಕ್ಷ ಡಾಲರಿಗೆ ಸಹಿ ಹಾಕಿದರು. ಹೆಚ್ಚು ಕೊಟ್ಟವರ ಕಡೆಗೆ ಹೋದರೆಂಬ ಮಾತಿಗೆ ಇಲ್ಲಿ ಆಧಾರವಿದೆ. ವೃತ್ತಿಪರನೊಬ್ಬ ಹಾಗೆ ಮಾಡಬಾರದೆಂಬ ನಿಯಮ ಎಲ್ಲಿದೆಯೋ ನನಗೆ ತಿಳಿಯದು.

ಎರಡನೆಯ ಆಕ್ಷೇಪಕ್ಕೆ ಬರೋಣ. ಯಾಗರ್ ತಮ್ಮ ಹುಟ್ಟೂರಿನ ಕ್ಲಾದ್ನೊ ತಂಡದ ಒಡೆತನ ವಹಿಸಿಕೊಂಡದ್ದು 2011ರಲ್ಲಿ, ಅಲ್ಲಿ ಆಡಲು ಪೂರ್ಣವಾಗಿ ಮರಳಿದ್ದು 2018ರಲ್ಲಿ. ತಾನು ರಿಂಕ್‌ಗೆ (ಆಟದ ಮಂಜುಗಡ್ಡೆಯ ಅಂಗಣಕ್ಕೆ) ಇಳಿಯದಿದ್ದರೆ ಪ್ರಾಯೋಜಕರು ಬರುವುದಿಲ್ಲವೆಂಬುದನ್ನು ಅವರು ಮುಚ್ಚಿಟ್ಟಿಲ್ಲ. ಆದ್ದರಿಂದ ಆ ಕೊನೆಯ ಋತುಗಳನ್ನು ಬೇರೆಯಾಗಿಯೇ ಎಣಿಸಬೇಕೆಂಬ ತಮ್ಮ ಮಾತು ನನಗೆ ಒಪ್ಪಿಗೆ. ಆದರೆ ಅದಕ್ಕೂ ಮೊದಲಿನದನ್ನು ನೋಡಿ. 2015-16ರಲ್ಲಿ, ನಲವತ್ತನಾಲ್ಕು ತುಂಬಿದ ಋತುವಿನಲ್ಲಿ, ಅವರು ಫ್ಲೋರಿಡಾ ತಂಡಕ್ಕೆ 27 ಗೋಲು ಹೊಡೆದು ಒಟ್ಟು 66 ಪಾಯಿಂಟ್‌ಗಳೊಂದಿಗೆ ತಂಡದಲ್ಲೇ ಮೊದಲಿಗರಾಗಿದ್ದರು. (ಅಲ್ಲಿ ಗೋಲು ಹೊಡೆದವನಿಗೂ ಅದಕ್ಕೆ ಪಾಸ್ ಕೊಟ್ಟವನಿಗೂ ಒಂದೊಂದು ಪಾಯಿಂಟ್.) ಫ್ಲೋರಿಡಾ ಅವರ ಸ್ವಂತ ತಂಡವೇನಲ್ಲ.

ಅದು ಹೇಗೆ ಸಾಧ್ಯವಾಯಿತೆಂಬುದು ನನಗೆ ಹೆಚ್ಚು ಕುತೂಹಲದ ಸಂಗತಿ. ಐಸ್ ಹಾಕಿಯಲ್ಲಿ ಆಟಗಾರ ಒಂದು ಸಲಕ್ಕೆ ಸುಮಾರು ಮುಕ್ಕಾಲು ನಿಮಿಷ ಮಾತ್ರ ಆಡಿ ಬೆಂಚಿಗೆ ಮರಳುತ್ತಾನೆ, ಆಟ ನಿಲ್ಲದೆಯೇ ಇನ್ನೊಬ್ಬ ಒಳಗೆ ಹೋಗುತ್ತಾನೆ. ಹಾಗಾಗಿ ದಮ್ಮಿಗಿಂತ ಮೊದಲು ಕೈಕೊಡುವುದು ವೇಗ. ಯಾಗರ್ ಅವರ ಆಟ ವೇಗವನ್ನು ನೆಚ್ಚಿಕೊಂಡಿದ್ದುದು ಯೌವನದಲ್ಲಿ ಮಾತ್ರ. ಆಮೇಲೆ ಅವರು ರಿಂಕ್‌ನ ಅಂಚಿನ ಹಲಗೆಗೋಡೆಯ ಬಳಿ ಎದುರಾಳಿಗೆ ಬೆನ್ನು ತಿರುಗಿಸಿ, ಕಾಲುಗಳನ್ನು ಅಗಲಿಸಿ ಕುಳಿತಂತೆ ಬಾಗಿ, ಪಕ್ ಎಂಬ ಆಟದ ರಬ್ಬರ್ ಬಿಲ್ಲೆಯನ್ನು ದೂರಕ್ಕೆ ಚಾಚಿದ ಸ್ಟಿಕ್ಕಿನ ತುದಿಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಇಪ್ಪತ್ತು ವರ್ಷ ಕಿರಿಯ ಡಿಫೆಂಡರುಗಳು ಹಿಂದಿನಿಂದ ಎಷ್ಟು ನೂಕಿದರೂ ಆ ತೊಡೆಗಳು ಅಲುಗುತ್ತಿರಲಿಲ್ಲ, ಅಷ್ಟರಲ್ಲಿ ಜೊತೆಗಾರನೊಬ್ಬ ಗೋಲಿನ ಮುಂದೆ ಬಂದಿರುತ್ತಿದ್ದ. ಬಾಲ್ಯದಲ್ಲಿ ದಿನಕ್ಕೆ ಸಾವಿರ ಬಸ್ಕಿ ಹೊಡೆಯುತ್ತಿದ್ದುದಾಗಿ ಅವರು ಹೇಳಿಕೊಂಡಿದ್ದಾರೆ. ನಲವತ್ತು ದಾಟಿದ ಮೇಲೂ ಮೈಗೆ ಭಾರದ ಜಾಕೀಟು ಕಟ್ಟಿಕೊಂಡು ರಾತ್ರಿ ಹೊತ್ತು ಒಬ್ಬರೇ ಅಭ್ಯಾಸ ಮಾಡುತ್ತಿದ್ದರು.

ಲೀಗಿನಲ್ಲಿ ಅವರದು 1,733 ಪಂದ್ಯ, 766 ಗೋಲು, 1,921 ಪಾಯಿಂಟ್. ಪಾಯಿಂಟ್‌ಗಳಲ್ಲಿ ಅವರಿಗಿಂತ ಮುಂದಿರುವವರು 2,857 ಗಳಿಸಿದ ವೇನ್ ಗ್ರೆಟ್ಸ್ಕಿ ಒಬ್ಬರೇ. ಇದರ ಜೊತೆಗೆ 1998ರ ನಾಗಾನೊ ಒಲಿಂಪಿಕ್ ಚಿನ್ನ, 2005 ಮತ್ತು 2010ರ ವಿಶ್ವ ಚಾಂಪಿಯನ್‌ಷಿಪ್. ಐವತ್ತರ ವಯಸ್ಸೂ ಆ ಆಟಕ್ಕೆ ತೀರಾ ಹೊಸದಲ್ಲ: ಗಾರ್ಡಿ ಹೋವ್ 1979-80ರಲ್ಲಿ, ಐವತ್ತೆರಡು ತುಂಬಿದ ಋತುವಿನಲ್ಲಿ, ಹಾರ್ಟ್‌ಫರ್ಡ್ ತಂಡದ ಎಂಬತ್ತು ಪಂದ್ಯಗಳನ್ನೂ ಆಡಿದ್ದರು, ಅದೂ ಇದೇ ಲೀಗಿನಲ್ಲಿ. ಆ ಅಳತೆಯಲ್ಲಿ ಹೋವ್ ಅವರೇ ದೊಡ್ಡವರೆಂದು ತಾವು ಹೇಳಿದರೆ ನಾನು ಎದುರಾಡುವುದಿಲ್ಲ.

ಇನ್ನು ಹಾಲ್ ಆಫ್ ಫೇಮ್. ಟೊರಾಂಟೊದ ನಿಯಮದಂತೆ ಆಟಗಾರ ವೃತ್ತಿಪರ ಆಟವನ್ನು ಸಂಪೂರ್ಣವಾಗಿ ನಿಲ್ಲಿಸಿ ಮೂರು ಋತುಗಳು ಕಳೆಯಬೇಕು, ಮತ್ತು ಚೆಕ್ ಲೀಗಿನ ಪಂದ್ಯಗಳೂ ಆ ಲೆಕ್ಕಕ್ಕೆ ಸೇರುತ್ತವೆ. ಅಂದರೆ ತಾವು ಆಕ್ಷೇಪಿಸಿದ ಕ್ಲಾದ್ನೊದ ಋತುಗಳೇ ಅವರನ್ನು ಆ ಬಾಗಿಲಿನ ಹೊರಗೆ ನಿಲ್ಲಿಸಿರುವುದು.

– ಸಂಪಾದಕ