ವಿದೇಶದಲ್ಲಿ ಪಾಸ್‌ಪೋರ್ಟ್ ಕಳೆದುಹೋದರೆ ಮೊದಲು ಏನು ಮಾಡಬೇಕು?

ಅಪ್ಪ-ಅಮ್ಮನನ್ನು ಮೊದಲ ಸಲ ಯುರೋಪಿಗೆ ಕರೆದುಕೊಂಡು ಹೋಗುತ್ತಿದ್ದೀರಿ, ಅಲ್ಲಿ ಪಾಸ್‌ಪೋರ್ಟ್ ಕಳೆದರೆ ಗತಿಯೇನು ಅಂತ ಕೇಳಿದ್ದೀರಿ. ನಮಗೆ ಅದು ರೋಮ್‌ನಲ್ಲಿ ಆಯಿತು. ಅಮ್ಮನ ಪಾಸ್‌ಪೋರ್ಟ್, ಅದೂ ಶುಕ್ರವಾರ ಸಂಜೆ.

ತೆರ್ಮಿನಿ ಸ್ಟೇಷನ್ನಿನಿಂದ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್. ಕಾಲಿಡಲು ಜಾಗ ಇರಲಿಲ್ಲ. ಇಳಿದು ನೋಡಿದರೆ ಅಮ್ಮನ ವ್ಯಾನಿಟಿ ಬ್ಯಾಗಿನ ಜಿಪ್ ತೆರೆದಿತ್ತು. ಬಿಪಿ ಮಾತ್ರೆಯ ಡಬ್ಬಿ, ಕರ್ಚೀಫು ಹಾಗೇ ಇದ್ದವು. ಪರ್ಸು, ಪಾಸ್‌ಪೋರ್ಟ್ ಇರಲಿಲ್ಲ. ಅಮ್ಮ ಅಲ್ಲೇ ಕಟ್ಟೆಯ ಮೇಲೆ ಕೂತು, "ನನ್ನಿಂದ ನಿಮಗೆಲ್ಲ ತೊಂದರೆ ಆಯ್ತಲ್ಲೋ" ಅಂತ ಅಳೋಕೆ ಶುರು ಮಾಡಿದರು. ಆಗ ದಯವಿಟ್ಟು ಬೈಯಬೇಡಿ. "ಸರಿಯಾಗಿ ಹಿಡ್ಕೋಬಾರದಿತ್ತಾ" ಅಂತ ನನ್ನ ಬಾಯಿಗೂ ಬಂದಿತ್ತು. ಹೇಳದೆ ಇದ್ದದ್ದು ಒಳ್ಳೆಯದಾಯಿತು. ಮುಂದಿನ ಮೂರು ದಿನ ಅಮ್ಮ ಧೈರ್ಯವಾಗಿ ನನ್ನ ಜೊತೆ ಓಡಾಡಬೇಕಿತ್ತು.

ಮೊದಲು ಪೊಲೀಸ್ ದೂರು. ಹುಡುಕುತ್ತಾ ಜಾಸ್ತಿ ಹೊತ್ತು ಕಳೆಯಬೇಡಿ. ಇಟಲಿಯಲ್ಲಿ ಈ ದೂರಿಗೆ ‘ದೆನುಂಚಾ’ ಅಂತಾರೆ. ಹತ್ತಿರದ ಠಾಣೆಯಲ್ಲಿ ಬರೆಸಿ, ಸೀಲ್ ಹಾಕಿದ ಎರಡು ಪ್ರತಿ ಕೇಳಿ ಪಡೆಯಿರಿ. ಪರ್ಸಿನಲ್ಲಿದ್ದ ಕಾರ್ಡನ್ನು ಠಾಣೆಗೆ ಹೋಗುವ ದಾರಿಯಲ್ಲೇ ಬ್ಲಾಕ್ ಮಾಡಿಸಿದೆ. ಇನ್ಶೂರೆನ್ಸ್ ಕಂಪನಿಗೂ ಅವತ್ತೇ ತಿಳಿಸಿ. ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇಕಾದ 30,000 ಯೂರೋ ವಿಮೆ ಆಸ್ಪತ್ರೆ ಖರ್ಚಿನಂಥದ್ದಕ್ಕೆ. ಪಾಸ್‌ಪೋರ್ಟ್ ಕಳೆದರೆ ಹಣ ಕೊಡ್ತಾರಾ ಅಂತ ನಿಮ್ಮ ಪಾಲಿಸಿಯಲ್ಲಿ ಈಗಲೇ ಓದಿಕೊಳ್ಳಿ.

ಆಮೇಲೆ ನಮ್ಮ ರಾಯಭಾರ ಕಚೇರಿ. ಇಟಲಿಯಲ್ಲಿ ರೋಮ್‌ನಲ್ಲಿ ರಾಯಭಾರ ಕಚೇರಿ, ಮಿಲಾನ್‌ನಲ್ಲಿ ಕಾನ್ಸುಲೇಟ್ ಇದೆ. ಶನಿವಾರ, ಭಾನುವಾರ ರಜೆ. ತುರ್ತಿಗೆ ಫೋನ್ ನಂಬರ್ ಅವರ ವೆಬ್‌ಸೈಟಿನಲ್ಲಿರುತ್ತದೆ, ಹೊರಡುವ ಮುಂಚೆಯೇ ಬರೆದಿಟ್ಟುಕೊಳ್ಳಿ. ನಮ್ಮ ವಾಪಸ್ ಟಿಕೆಟ್ ಬುಧವಾರಕ್ಕಿತ್ತು, ಹಾಗಾಗಿ ಕಾದೆವು. ಭಾನುವಾರ ಸ್ಟೇಷನ್ನಿನ ಫೋಟೋ ಯಂತ್ರದೊಳಗೆ ಅಮ್ಮನನ್ನು ಕೂರಿಸಿ ಫೋಟೋ ತೆಗೆಸಿದೆ. ಸೆರಗು ಸರಿಮಾಡಿಕೊಂಡು, ಕುಂಕುಮ ನೆಟ್ಟಗಿದೆಯಾ ಅಂತ ಎರಡು ಸಲ ಕೇಳಿದರು. ಆ ಮೂರು ದಿನದಲ್ಲಿ ಅಮ್ಮ ನಕ್ಕಿದ್ದು ಅಲ್ಲೇ ಮೊದಲು.

ರಾಯಭಾರ ಕಚೇರಿಯಲ್ಲಿ ಎರಡು ದಾರಿ ಇವೆ. ಒಂದು, ಹೊಸ ಪಾಸ್‌ಪೋರ್ಟ್. ಅದಕ್ಕೆ ಸಮಯ ಬೇಕು. ಇನ್ನೊಂದು, ಎಮರ್ಜೆನ್ಸಿ ಸರ್ಟಿಫಿಕೇಟ್. ಇದು ಭಾರತಕ್ಕೆ ವಾಪಸ್ ಬರಲು ಮಾತ್ರ, ಒಂದೇ ಪ್ರಯಾಣಕ್ಕೆ. ಇದನ್ನಿಟ್ಟುಕೊಂಡು ಪ್ಯಾರಿಸ್‌ಗೂ ಹೋಗಿ ಬರೋಣ ಅಂದರೆ ಆಗುವುದಿಲ್ಲ. ನಾವು ಸರ್ಟಿಫಿಕೇಟನ್ನೇ ಕೇಳಿದೆವು. ದೆನುಂಚಾ, ಫೋಟೋ, ಟಿಕೆಟ್, ಕಳೆದುಹೋದ ಪಾಸ್‌ಪೋರ್ಟಿನ ಜೆರಾಕ್ಸ್ ಕೊಟ್ಟೆವು. ಜೆರಾಕ್ಸ್ ನನ್ನ ಸೂಟ್‌ಕೇಸಿನ ತಳದಲ್ಲಿತ್ತು, ವೀಸಾ ಪುಟದ ಸಮೇತ. ಅದೊಂದು ಇಲ್ಲದಿದ್ದರೆ ಪರಿಶೀಲನೆಗೆ ಇನ್ನೆಷ್ಟು ದಿನ ಹಿಡಿಯುತ್ತಿತ್ತೋ. ನಮಗೆ ಮಂಗಳವಾರ ಸಂಜೆ ಕೈಗೆ ಬಂತು.

ನೀವು ಈಗಲೇ ಮೂವರ ಜೆರಾಕ್ಸನ್ನೂ ಮಾಡಿಸಿ, ಒಬ್ಬರದು ಇನ್ನೊಬ್ಬರ ಬ್ಯಾಗಿನಲ್ಲಿಡಿ. ಮೊಬೈಲಿನಲ್ಲಿ ಫೋಟೋ ಇದೆ ಅಂತ ಸುಮ್ನೆ ಕೂರಬೇಡಿ, ಮೊಬೈಲೂ ಕಳುವಾಗಬಹುದು ಅಲ್ವಾ? ಫೋಟೋಗಳನ್ನೂ ನಾಲ್ಕು ನಾಲ್ಕು ಇಟ್ಟುಕೊಳ್ಳಿ.

ನಡುವೆ ಬೇರೆ ದೇಶದಲ್ಲಿ ವಿಮಾನ ಬದಲಿಸುವುದಿದ್ದರೆ, ಈ ಸರ್ಟಿಫಿಕೇಟ್ ನಡೆಯುತ್ತದಾ ಅಂತ ಏರ್‌ಲೈನಿನವರನ್ನು ಮೊದಲೇ ಕೇಳಿ. ಕಳೆದದ್ದು ಆಮೇಲೆ ಸಿಕ್ಕಿದರೂ ಉಪಯೋಗಿಸುವಂತಿಲ್ಲ, ದೂರು ದಾಖಲಾದ ಪಾಸ್‌ಪೋರ್ಟ್ ರದ್ದಾಗುತ್ತದೆ. ಊರಿಗೆ ಬಂದ ಮೇಲೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹೊಸದಕ್ಕೆ ಅರ್ಜಿ ಹಾಕುವಾಗ ಪೊಲೀಸ್ ದೂರಿನ ಮೂಲ ಪ್ರತಿ ಬೇಕಾಗುತ್ತದೆ. ಎರಡು ಪ್ರತಿ ತಗೊಳ್ಳಿ ಅಂದದ್ದು ಅದಕ್ಕೇ.