ತೆರುವೆಲ್‌ಗೆ ಹೊರಟಿರೋ ತಂಗಿಗೆ: ಮೂರು ಸೀಟಿನ ಜಿಲ್ಲೆಯ ಕಥೆ

ನಿನ್ನ ಮೆಸೇಜ್ ಓದಿದೆ ಕಣಮ್ಮ. ಬೆಂಗಳೂರಲ್ಲಿ ಪಿಎಚ್‌ಡಿ ಮುಗಿಸಿ ಇಲ್ಲಿ ಸ್ಪೇನ್‌ನ ತೆರುವೆಲ್‌ನಲ್ಲಿರೋ ಖಗೋಳ ಕೇಂದ್ರಕ್ಕೆ ಪೋಸ್ಟ್‌ಡಾಕ್‌ಗೆ ಬರ್ತಿದೀಯ, ಆಫರ್ ಲೆಟರ್ ಕೈಗೆ ಬಂದ ಮೇಲೆ ಊರಿನ ಹೆಸರು ಹಾಕಿ ಹುಡುಕಿದ್ರೆ ಬರೀ "ತೆರುವೆಲ್ ಎಗ್ಸಿಸ್ತೆ" ಅನ್ನೋ ಪಾರ್ಟಿ, ಖಾಲಿಯಾಗ್ತಿರೋ ಹಳ್ಳಿಗಳು, ಪ್ರತಿಭಟನೆ ಇವೇ ಬಂತು, ಅದೇನು ಗಲಾಟೆ ಊರಾ ಅಕ್ಕಾ, ಹೊರಗಿನವರನ್ನ ಕಂಡ್ರೆ ಆಗಲ್ವಾ, ಮ್ಯಾಡ್ರಿಡ್ಡಲ್ಲೇ ಏನಾದ್ರೂ ನೋಡ್ಕೊಳ್ಲಾ ಅಂತ ಕೇಳಿದೀಯ. ಅಕ್ಕಾ ಅಂತ ಕರೆದಿದೀಯಲ್ಲ, ನಾನೂ ನೀನು ಅಂತಲೇ ಬರೀತೀನಿ.

ಬಾ, ಧೈರ್ಯವಾಗಿ ಬಾ. ಗಲಾಟೆ ಊರಂತೂ ಅಲ್ಲ, ರಾತ್ರಿ ಹತ್ತು ಗಂಟೆಗೆ ಒಬ್ಬಳೇ ನಡ್ಕೊಂಡು ಬಂದ್ರೆ ನಿನ್ನ ಚಪ್ಪಲಿ ಸದ್ದು ನಿನಗೇ ಕೇಳುತ್ತೆ, ಅಷ್ಟೇ ಇಲ್ಲಿನ ಗಲಾಟೆ. ಆದ್ರೆ ಈ ಜನಕ್ಕೆ ಯಾವುದರ ಸಿಟ್ಟು, ಯಾವುದರ ಹೆಮ್ಮೆ ಅಂತ ತಿಳೀಬೇಕಂದ್ರೆ ಇಲ್ಲಿನ ಪಾರ್ಲಿಮೆಂಟ್ ಎಲೆಕ್ಷನ್ ರಿಸಲ್ಟ್ ಸ್ವಲ್ಪ ನೋಡ್ಬೇಕು. ಸ್ಪೇನ್‌ನಲ್ಲಿ ನಾನು ಕಲ್ತಿದ್ದರಲ್ಲಿ ಅರ್ಧ ಅಲ್ಲಿಂದಲೇ ಬಂದಿದ್ದು ಅನ್ನು.

ಮೊದಲು ಜಾಗದ ಅಂದಾಜು ಕೊಡ್ತೀನಿ. ತೆರುವೆಲ್ ಅನ್ನೋದು ಅರಗೋನ್ ಅನ್ನೋ, ನಮ್ಮ ರಾಜ್ಯದಂಥ ಪ್ರದೇಶದೊಳಗಿನ ಮೂರು ಪ್ರಾವಿನ್ಸ್‌ಗಳಲ್ಲಿ ಒಂದು, ಪ್ರಾವಿನ್ಸ್ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ. ವಿಸ್ತೀರ್ಣ ಸುಮಾರು 14,800 ಚದರ ಕಿಲೋಮೀಟರ್, ನಮ್ಮ ಕೊಡಗಿನ ಮೂರೂವರೆ ಪಟ್ಟು. ಜನ? ಸುಮಾರು 1.35 ಲಕ್ಷ. ಕೊಡಗಿನಲ್ಲಿ 2011ರ ಗಣತಿಗೇ ಐದೂವರೆ ಲಕ್ಷ ಇದ್ರು. ಒಂದು ಚದರ ಕಿಲೋಮೀಟರಿಗೆ ಒಂಬತ್ತು ಜನ ಅಂದ್ರೆ ನಮ್ಮೂರ ಒಂದು ಮದುವೆ ಬಸ್ಸಿನಲ್ಲಿ ಐದಾರು ಚದರ ಕಿಲೋಮೀಟರಿನ ಜನ ಕೂತು ಹೋಗ್ತಾರೆ. ಅದಕ್ಕೇ ನಿನ್ನ ಟೆಲಿಸ್ಕೋಪ್ ಇಲ್ಲಿರೋದು ಮತ್ತೆ, ಹವಲಾಂಬ್ರೆ ಬೆಟ್ಟದ ಮೇಲೆ ಅಷ್ಟು ಕಪ್ಪು ಆಕಾಶ ಸಿಗೋದು ಕೆಳಗೆ ಲೈಟ್ ಹಾಕೋಕೆ ಜನ ಇಲ್ಲ ಅಂತ. ನಿಮ್ಮ ಫೀಲ್ಡಿಗೆ ಲಾಭ, ಇಲ್ಲಿನ ಅಜ್ಜ ಅಜ್ಜಿಯರಿಗೆ ದುಃಖ.

ಇಂಥ ಖಾಲಿ ಜಿಲ್ಲೆಗೆ ಸ್ಪೇನ್ ಪಾರ್ಲಿಮೆಂಟಿನ ಕೆಳಮನೇಲಿ ಮೂರು ಸೀಟು. ನಮ್ಮ ಕೊಡಗಿಗೆ ಸ್ವಂತದ ಒಂದು ಲೋಕಸಭಾ ಸೀಟೂ ಇಲ್ಲ, ಮೈಸೂರಿನ ಜೊತೆ ಸೇರಿಸಿದಾರೆ, ಆ ಒಂದೇ ಸೀಟಿಗೆ ಇಪ್ಪತ್ತು ಲಕ್ಷದಷ್ಟು ಮತದಾರರು. ಇಲ್ಲಿ ಲೆಕ್ಕ ಬೇರೆ. ಒಟ್ಟು 350 ಸೀಟು, 50 ಪ್ರಾವಿನ್ಸ್, ಪ್ರತಿಯೊಂದಕ್ಕೂ ಜನ ಇರ್ಲಿ ಬಿಡ್ಲಿ ಎರಡು ಸೀಟು ಗ್ಯಾರಂಟಿ, ಆಫ್ರಿಕಾ ಕಡೆ ಇರೋ ಸೆಯೂತಾ ಮೆಲಿಯಾ ಎರಡು ಊರಿಗೆ ಒಂದೊಂದು, ಉಳಿದ 248 ಮಾತ್ರ ಜನಸಂಖ್ಯೆ ನೋಡಿ ಹಂಚ್ತಾರೆ. ತೆರುವೆಲ್‌ನ ಜನಸಂಖ್ಯೆಗೆ ಆ ಹಂಚಿಕೇಲಿ ಪೂರ್ತಿ ಒಂದು ಸೀಟೂ ಬರಲ್ಲ, ಶೇಷದ ಲೆಕ್ಕದಲ್ಲಿ ಒಂದು ಸಿಗುತ್ತೆ. ಸೋರಿಯಾ ಅನ್ನೋ ಇನ್ನೊಂದು ಖಾಲಿ ಪ್ರಾವಿನ್ಸಿಗೂ ಹಿಂದೆ ಮೂರು ಇತ್ತು, 2008ರಿಂದ ಎರಡಕ್ಕೆ ಇಳೀತು. ಅಂದ್ರೆ ಆ ಮೂರನೇ ಸೀಟು ನಿಂತಿರೋದು ಜನಸಂಖ್ಯೆಯ ಮೇಲೆ. ಇದನ್ನ ನೆನಪಿಟ್ಕೋ, ನಿನಗೆ ಸಂಬಂಧ ಇದೆ, ಆಮೇಲೆ ಹೇಳ್ತೀನಿ.

ಈಗ ಸೀಟು ಯಾರಿಗೆ ಅನ್ನೋದು. ನಮ್ಮಲ್ಲಿ ಹಾಗೆ ಜಾಸ್ತಿ ವೋಟು ಬಂದವನು ಗೆದ್ದ ಅಂತಿಲ್ಲ. ಪಾರ್ಟಿಗೆ ವೋಟು ಹಾಕ್ತೀಯ, ಪಾರ್ಟಿ ಕೊಟ್ಟ ಪಟ್ಟಿ ಪಟ್ಟಿಯೇ, ಅದರಲ್ಲಿ ಒಬ್ಬರನ್ನ ಹೊಡೆದು ಹಾಕೋಕೂ ಇಲ್ಲ ಮೇಲೆ ಕೆಳಗೆ ಮಾಡೋಕೂ ಇಲ್ಲ. ಪ್ರತಿ ಪಾರ್ಟಿಯ ವೋಟನ್ನ ಒಂದರಿಂದ, ಎರಡರಿಂದ, ಮೂರರಿಂದ ಭಾಗಿಸ್ತಾ ಹೋಗ್ತಾರೆ, ಬಂದ ಸಂಖ್ಯೆಗಳಲ್ಲಿ ದೊಡ್ಡವು ಎಷ್ಟು ಸೀಟಿದೆಯೋ ಅಷ್ಟು ತಗೊಳ್ತಾರೆ. ಡೋಂಟ್ ಪದ್ಧತಿ ಅಂತಾರೆ. 2019ರ ನವೆಂಬರ್ 10ರ ಎಲೆಕ್ಷನ್ ತಗೋ. ತೆರುವೆಲ್ ಎಗ್ಸಿಸ್ತೆ, ಅಂದ್ರೆ "ತೆರುವೆಲ್ ಅನ್ನೋದೊಂದಿದೆ", 1999ರಲ್ಲಿ ಶುರುವಾದ ನಾಗರಿಕರ ಚಳವಳಿ, ರೈಲು ಕೊಡಿ ರಸ್ತೆ ಕೊಡಿ ಡಾಕ್ಟರ್ ಕೊಡಿ ಅಂತ ಇಪ್ಪತ್ತು ವರ್ಷ ಬೀದೀಲಿ ಕೇಳಿ ಕೇಳಿ ಸಾಕಾಗಿ ಮೊದಲ ಸಲ ಎಲೆಕ್ಷನ್‌ಗೆ ನಿಂತ್ರು. ಬಂದಿದ್ದು 19,761 ವೋಟು, ಜಿಲ್ಲೇಲಿ ಮೊದಲ ಸ್ಥಾನ. ಅದರ ಅರ್ಧ 9,880, ಅದಕ್ಕಿಂತ ಎರಡನೇ ಮೂರನೇ ಪಾರ್ಟಿಗಳ ಇಡೀ ವೋಟು ಜಾಸ್ತಿ ಇತ್ತು, ಹಾಗಾಗಿ ಎಗ್ಸಿಸ್ತೆಗೆ ಒಂದು, ಸೋಷಿಯಲಿಸ್ಟರಿಗೆ ಒಂದು, ಪಿಪಿ ಅಂತ ಬಲಪಂಥದ ದೊಡ್ಡ ಪಾರ್ಟಿಗೆ ಒಂದು. ಕಾನೂನಿನ ಪ್ರಕಾರ 3 ಪರ್ಸೆಂಟ್ ದಾಟಿದ್ರೆ ಸಾಕು, ಆದ್ರೆ ಮೂರೇ ಸೀಟಿರೋ ಕಡೆ 3 ಪರ್ಸೆಂಟ್ ಇಟ್ಕೊಂಡು ಏನು ಮಾಡ್ತೀಯ, ಇಪ್ಪತ್ತರ ಆಸುಪಾಸು ಇಲ್ದೇ ಇದ್ರೆ ಕೈಗೆ ಏನೂ ಹತ್ತಲ್ಲ.

ಅದಕ್ಕೇ ಇದನ್ನ ಅನುಪಾತ ಪದ್ಧತಿ, ಅಂದ್ರೆ ವೋಟಿಗೆ ತಕ್ಕಷ್ಟು ಸೀಟು, ಅಂತ ಕರೆದ್ರೂ ಪೂರ್ತಿ ಅನುಪಾತ ಅಲ್ಲ ಅಂತ ನನ್ನ ಅಭಿಪ್ರಾಯ. ಅದೇ ಎಲೆಕ್ಷನ್‌ನಲ್ಲಿ ಪ್ರಾಣಿಗಳ ಪರವಾಗಿರೋ ಪಕ್ಮಾ ಅನ್ನೋ ಪಾರ್ಟಿಗೆ ದೇಶದ ಉದ್ದಗಲ ಸೇರಿ ಎರಡು ಲಕ್ಷಕ್ಕೂ ಜಾಸ್ತಿ ವೋಟು, ಸೀಟು ಸೊನ್ನೆ. ಇಪ್ಪತ್ತು ಸಾವಿರವೂ ಮುಟ್ಟದ ಎಗ್ಸಿಸ್ತೆಗೆ ಒಂದು. 2008ರಲ್ಲಿ ಎಡಪಂಥದ ಇಸ್ಕಿಯೆರ್ದಾ ಉನಿದಾಗೆ 9.7 ಲಕ್ಷ ವೋಟಿಗೆ ಎರಡು ಸೀಟು, ಬಾಸ್ಕ್ ಅನ್ನೋ ಒಂದೇ ಪ್ರದೇಶದ ಪಾರ್ಟಿಗೆ 3 ಲಕ್ಷಕ್ಕೆ ಆರು. ವೋಟು ಒಂದೇ ಕಡೆ ಗುಡ್ಡೆ ಬಿದ್ದಿದ್ರೆ ಬೆಲೆ, ಚೆಲ್ಲಾಪಿಲ್ಲಿ ಆದ್ರೆ ಇಲ್ಲ. ಮ್ಯಾಡ್ರಿಡ್ ಫ್ರೆಂಡ್ಸ್ ಇದನ್ನೇ ಹಿಡ್ಕೊಂಡು ನಮ್ಮನ್ನ ಆಡ್ಕೊಳ್ತಾರೆ, ನಿಮ್ಮ ಒಂದು ವೋಟಿಗೆ ನಮ್ಮ ಮೂರು ನಾಲ್ಕು ವೋಟಿನ ಬೆಲೆ ಅಂತ. ಇರಬಹುದಪ್ಪ, ನಿಮಗೆ ಐದು ನಿಮಿಷಕ್ಕೊಂದು ಮೆಟ್ರೋ ಇದೆ, ಇಲ್ಲಿಂದ ಮ್ಯಾಡ್ರಿಡ್ಡಿಗೆ ನೇರ ರೈಲೇ ಇಲ್ಲ ಅಂತ ನಾನು ಬಾಯಿ ಮುಚ್ಚಿಸ್ತೀನಿ.

ಆ ಒಂದು ಸೀಟಿನ ಕಥೆ ಅಲ್ಲಿಗೆ ಮುಗೀಲಿಲ್ಲ. ಗೆದ್ದವರು ತೊಮಾಸ್ ಗಿತಾರ್ತೆ, ಕುತಾಂದಾ ಅನ್ನೋ ಸಣ್ಣ ಹಳ್ಳಿಯವರು, ವೃತ್ತಿಯಲ್ಲಿ ಆರ್ಕಿಟೆಕ್ಟ್. 2020ರ ಜನವರಿ 7ಕ್ಕೆ ಸೋಷಿಯಲಿಸ್ಟರ ನಾಯಕ ಪೆದ್ರೋ ಸಾಂಚೆಸ್ ಪ್ರಧಾನಿ ಆಗ್ಬೇಕಾ ಬೇಡ್ವಾ ಅಂತ ಪಾರ್ಲಿಮೆಂಟಲ್ಲಿ ವೋಟಿಂಗ್. ಪರ 167, ವಿರೋಧ 165, ಹದಿನೆಂಟು ಜನ ಯಾವ ಕಡೇನೂ ಇಲ್ಲ. ಗಿತಾರ್ತೆ ಪರ. ಅವರೊಬ್ಬರು ಆ ಕಡೆ ಹಾರಿದ್ರೆ 166-166, ಸರ್ಕಾರ ಬಿತ್ತು ಅಂತ ಲೆಕ್ಕ. ಆ ವಾರ ಅವರಿಗೆ ಸಾವಿರಾರು ಈಮೇಲ್, ದ್ರೋಹಿ ಅಂತ ಗೋಡೆಬರಹ, ಪೊಲೀಸ್ ರಕ್ಷಣೆ ಎಲ್ಲ ಆಯ್ತು. ರೆಸಾರ್ಟ್ ರಾಜಕೀಯ ನೋಡಿ ಬೆಳೆದ ನಮಗೆ ಇದೇನು ಹೊಸದಾ ಹೇಳು, ಆದ್ರೆ ಇಲ್ಲಿನವರಿಗೆ ಅದು ದೊಡ್ಡ ಆಘಾತ. ಎದುರು ಮನೆ ಅಜ್ಜಿ, ಜೀವನ ಪೂರ್ತಿ ಪಿಪಿಗೆ ವೋಟು ಹಾಕಿದವರು, "ನಮ್ಮ ಹುಡುಗನ್ನ ಬೈಯೋಕೆ ಮ್ಯಾಡ್ರಿಡ್ಡಿನವರು ಯಾರು" ಅಂತ ಬೇಕರಿ ಕ್ಯೂನಲ್ಲೇ ಜಗಳ ತೆಗೆದ್ರು, ನಾನು ಬ್ರೆಡ್ ಹಿಡ್ಕೊಂಡು ನೋಡ್ತಾ ನಿಂತಿದ್ದೆ.

ಏನು ಸಿಕ್ತು ಅಂತ ಕೇಳಿದ್ರೆ, ಸ್ವಲ್ಪ ಸಿಕ್ತು. ಜನ ಕಮ್ಮಿ ಇರೋ ತೆರುವೆಲ್, ಸೋರಿಯಾ, ಕುವೆಂಕಾ ಈ ಮೂರು ಪ್ರಾವಿನ್ಸ್‌ಗಳಲ್ಲಿ ಕೆಲಸ ಕೊಡೋ ಕಂಪನಿಗಳಿಗೆ ಸೋಷಿಯಲ್ ಸೆಕ್ಯುರಿಟಿ ಕಟ್ಟೋದರಲ್ಲಿ ರಿಯಾಯಿತಿ 2023ರಿಂದ ಬಂತು. ಆದ್ರೆ ಸ್ಪೇನ್‌ನ ಹೊಸ ಬಾಹ್ಯಾಕಾಶ ಏಜೆನ್ಸಿಯ ಹೆಡ್ ಆಫೀಸ್ ನಮಗೆ ಕೊಡಿ ಅಂತ ತೆರುವೆಲ್ ಅರ್ಜಿ ಹಾಕಿತ್ತು, 2022ರಲ್ಲಿ ಅದು ಸೆವಿಯಾ ನಗರದ ಪಾಲಾಯ್ತು. ಆ ಹೊಟ್ಟೆಯುರಿ ಇನ್ನೂ ಇದೆ. ನಿನ್ನ ಲ್ಯಾಬಲ್ಲಿ ಕಾಫಿ ಟೈಮಲ್ಲಿ ಇದರ ಮಾತು ಬಂದೇ ಬರುತ್ತೆ, ಸುಮ್ನೆ ತಲೆ ಆಡಿಸು.

2023ರ ಹೊತ್ತಿಗೆ ನನಗೆ ಇಲ್ಲಿನ ಪೌರತ್ವ ಬಂದಿತ್ತು, ಇಂಡಿಯನ್ ಪಾಸ್‌ಪೋರ್ಟ್ ಒಪ್ಪಿಸಿ, ಪೌರತ್ವ ಬಿಟ್ಟ ಭಾರತೀಯ ಮೂಲದವರಿಗೆ ಕೊಡೋ ಓಸಿಐ ಕಾರ್ಡ್ ಮಾಡಿಸ್ಕೊಂಡಿದ್ದೆ (ಅದರ ಸಂಕಟ ಬೇರೆಯದೇ, ಅದನ್ನ ಫೋನಲ್ಲಿ ಮಾತಾಡೋಣ). ಜುಲೈ 23ಕ್ಕೆ ಎಲೆಕ್ಷನ್, ಉರಿಬಿಸಿಲು, ಅರ್ಧ ದೇಶ ಬೀಚಲ್ಲಿ, ನನಗೆ ಲಾಟರೀಲಿ ಮತಗಟ್ಟೆ ಡ್ಯೂಟಿ ಬಿತ್ತು. ಇಲ್ಲಿ ಮೇಷ್ಟ್ರುಗಳನ್ನ ಎಳ್ಕೊಂಡು ಹೋಗಲ್ಲ, ಮತದಾರರ ಪಟ್ಟಿಯಿಂದಲೇ ಚೀಟಿ ಎತ್ತಿ ಮೂರು ಜನರನ್ನ ಕೂರಿಸ್ತಾರೆ, ಸರಿಯಾದ ಕಾರಣ ಇಲ್ದೆ ಬರಲ್ಲ ಅನ್ನೋ ಹಾಗಿಲ್ಲ, ಕೇಸಾಗುತ್ತೆ. ನಮ್ಮ ಏರಿಯಾ ಸ್ಕೂಲಲ್ಲಿ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರ ತನಕ. ಬೆರಳಿಗೆ ಶಾಯಿ ಇಲ್ಲ, ಇವಿಎಂ ಇಲ್ಲ. ಗೋಡೆ ಪಕ್ಕ ಮೇಜಿನ ಮೇಲೆ ಒಂದೊಂದು ಪಾರ್ಟಿಯ ಚೀಟಿ ಕಟ್ಟು ಕಟ್ಟಾಗಿ ಇಟ್ಟಿರ್ತಾರೆ, ಬೇಕಾದ್ದು ತಗೊಂಡು ಬಿಳಿ ಲಕೋಟೆಗೆ ಹಾಕಿ ಪಾರದರ್ಶಕ ಡಬ್ಬಿಗೆ ಬಿಡೋದು. ಸೆನೆಟ್‌ದು, ಅಂದ್ರೆ ಮೇಲ್ಮನೆದು, ಮಾತ್ರ ದೊಡ್ಡ ಮಣ್ಣುಬಣ್ಣದ ಹಾಳೆ, ಅದರಲ್ಲಿ ಮೂರು ಹೆಸರಿಗೆ ಗುರುತು ಹಾಕ್ಬಹುದು. ಎಂಟು ಗಂಟೆಗೆ ಬಾಗಿಲು ಹಾಕಿದ ಮೇಲೆ ನಮ್ಮ ಮೇಜಿನ ಅಧ್ಯಕ್ಷೆ, ಇಪ್ಪತ್ತೈದು ವಯಸ್ಸೂ ಇರ್ಲಿಲ್ಲ ಆ ಹುಡುಗಿಗೆ, ಒಂದೊಂದೇ ಲಕೋಟೆ ಬಿಚ್ಚಿ ಪಾರ್ಟಿ ಹೆಸರು ಗಟ್ಟಿಯಾಗಿ ಓದೋದು, ನಮಗೆ ತೋರಿಸೋದು, ನಾವು ಗೀಟು ಹಾಕೋದು. ಖಾಲಿ ಲಕೋಟೆ ಬಂದ್ರೆ ಅದೂ ಸಿಂಧು, 3 ಪರ್ಸೆಂಟ್ ಲೆಕ್ಕಕ್ಕೂ ಸೇರುತ್ತೆ. ಬೈಗುಳ ಬರೆದಿದ್ರೆ ಅಸಿಂಧು, ಒಂದು ಲಕೋಟೇಲಿ ರೈಲಿನ ಚಿತ್ರ ಬರೆದು ಕೆಳಗೆ "ಯಾವಾಗ?" ಅಂತ ಇತ್ತು, ಎಲ್ಲ ಪಾರ್ಟಿ ಏಜೆಂಟರೂ ನಕ್ಕುಬಿಟ್ರು. ಎಣಿಸಿ ಮುಗಿದ ಮೇಲೆ ತಕರಾರಿನ ಚೀಟಿಗಳನ್ನ ಬಿಟ್ಟು ಉಳಿದಿದ್ದನ್ನೆಲ್ಲ ಅಲ್ಲೇ ಎಲ್ಲರ ಮುಂದೆ ನಾಶ ಮಾಡ್ತಾರೆ, ನಾವು ಹರಿದು ಹರಿದು ಚೀಲಕ್ಕೆ ತುಂಬಿದ್ವಿ.

ಈ ಸಲ ಎಗ್ಸಿಸ್ತೆ ಸೋತಿತು. ಪಿಪಿಗೆ ಎರಡು, ಸೋಷಿಯಲಿಸ್ಟರಿಗೆ ಒಂದು. ಅಂದ್ರೆ ಪಿಪಿಯ ವೋಟಿನ ಅರ್ಧ ಎಗ್ಸಿಸ್ತೆಯ ಪೂರ್ತಿ ವೋಟಿಗಿಂತ ಜಾಸ್ತಿ ಆಯ್ತು, ಅಷ್ಟೇ ಅದರ ಅರ್ಥ. ದೇಶವೆಲ್ಲ ಎಡವಾ ಬಲವಾ ಅಂತ ಎರಡು ಭಾಗ ಆದಾಗ ರೈಲು ಕೇಳೋರಿಗೆ ಜಾಗ ಇರಲ್ಲ. ಹಾಗಂತ ಅವರು ಮಾಯ ಆಗಿಲ್ಲ, ಅದಕ್ಕೆ ಎರಡು ತಿಂಗಳ ಮುಂಚೆ ಮೇ 28ಕ್ಕೆ ನಡೆದ ಅರಗೋನ್ ಅಸೆಂಬ್ಲಿ ಎಲೆಕ್ಷನ್‌ನಲ್ಲಿ 67ರಲ್ಲಿ ಮೂರು ಸೀಟು ಗೆದ್ದಿದ್ರು, ಗಿತಾರ್ತೆ ಅಲ್ಲಿಗೆ ಹೋಗಿದ್ರು.

ಇನ್ನೊಂದು ಹೇಳ್ಲೇಬೇಕು, ನಾವು ಪರದೇಶದಲ್ಲಿರೋರು ನೋಡು, ಅದಕ್ಕೆ. ಆ ರಾತ್ರಿ ದೇಶದ ಲೆಕ್ಕ ಪಿಪಿ 136, ಸೋಷಿಯಲಿಸ್ಟ್ 122 ಅಂತಿತ್ತು. ಐದು ದಿನ ಆದ್ಮೇಲೆ ವಿದೇಶದಲ್ಲಿರೋ ಸ್ಪ್ಯಾನಿಷ್ ಜನರ ವೋಟು ಎಣಿಸಿದ್ರೆ ಮ್ಯಾಡ್ರಿಡ್ ಕ್ಷೇತ್ರದ ಒಂದು ಸೀಟು ಸೋಷಿಯಲಿಸ್ಟರಿಂದ ಪಿಪಿಗೆ ಹೋಯ್ತು, 137, 121. ಆ ಒಂದು ಸೀಟಿನಿಂದ ಸಾಂಚೆಸ್‌ಗೆ ಕತಲಾನ್ ಪಾರ್ಟಿಯೊಂದು ಸುಮ್ನೆ ಕೂತ್ರೆ ಸಾಲ್ದು, ಪರವಾಗಿ ವೋಟೇ ಹಾಕ್ಬೇಕು ಅನ್ನೋ ಹಾಗಾಯ್ತು. ನೀನು ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡು ಇಲ್ಲಿದ್ದಾಗ ನಮ್ಮೂರ ಎಲೆಕ್ಷನ್ ಬಂದ್ರೆ ಫಾರ್ಮ್ 6ಎ ತುಂಬಿ ಹೆಸರು ಸೇರಿಸ್ಬಹುದು, ಆದ್ರೆ ವೋಟು ಹಾಕೋಕೆ ವಿಮಾನ ಹತ್ತಿ ಬೂತಿಗೇ ಹೋಗ್ಬೇಕು.

ನಿನ್ನ ನಿಜವಾದ ಪ್ರಶ್ನೆಗೆ ಬರ್ತೀನಿ, ಹೊರಗಿನವರನ್ನ ಕಂಡ್ರೆ ಆಗಲ್ವಾ ಅಂತ. ಎಗ್ಸಿಸ್ತೆ ನಮ್ಮ ವಿರುದ್ಧದ ಪಾರ್ಟಿ ಅಲ್ಲ. ವಲಸಿಗರು ಜಾಸ್ತಿ ಆದ್ರು ಅಂತ ಮಾತಾಡೋದು ವೋಕ್ಸ್ ಅನ್ನೋ ಕಟ್ಟಾ ಬಲಪಂಥದ ಪಾರ್ಟಿ, ಇಲ್ಲೂ ಅವರಿಗೆ ವೋಟಿದೆ, ಅರಗೋನ್ ಸರ್ಕಾರದಲ್ಲಿ 2023ರಿಂದ 2024ರ ಜುಲೈ ತನಕ ಪಾಲುದಾರರೂ ಆಗಿದ್ರು, ಇಲ್ಲ ಅಂತ ನಿನಗೆ ಸುಳ್ಳು ಹೇಳಲ್ಲ. ಆದ್ರೆ ಹಳ್ಳಿಗಳಲ್ಲಿ ಎರಡು ಮಕ್ಕಳಿರೋ ವಲಸಿಗ ಕುಟುಂಬ ಬಂದ್ರೆ ಸ್ಕೂಲ್ ಉಳೀತು ಅಂತ ಮೇಯರೇ ಮನೆ ಹುಡುಕಿ ಕೊಡೋದನ್ನ ಕಣ್ಣಾರೆ ನೋಡಿದೀನಿ. ನಿನ್ನನ್ನ ಗುರಾಯಿಸಿ ನೋಡ್ತಾರೆ, ಹೌದು, ಯಾಕಂದ್ರೆ ಇಲ್ಲಿ ಹೊಸ ಮುಖ ಬರೋದೇ ಅಪರೂಪ, ಎರಡನೇ ವಾರಕ್ಕೆ ಹೆಸರು ಕೇಳ್ತಾರೆ, ಮೂರನೇ ವಾರಕ್ಕೆ ಹಂದಿ ತೊಡೆಯ ಹಾಮೋನ್ ತಿನ್ನು ಅಂತ ಬಲವಂತ ಶುರು. ನೀನು ವೆಜ್ ಅಂದ್ಯಲ್ಲ, ಮೊದಲೇ ಗಟ್ಟಿಯಾಗಿ ಹೇಳು, ಇಲ್ಲಾಂದ್ರೆ "ಮಾಂಸ ಇಲ್ಲ, ಬರೀ ಹಾಮೋನ್" ಅಂತ ಸಲಾಡಿನ ಮೇಲೂ ಉದುರಿಸ್ತಾರೆ.

ವೋಟು ನಿನಗೆ ಯಾವುದೂ ಇಲ್ಲ. ಊರಿನ ಎಲೆಕ್ಷನ್‌ಗೆ ಕೆಲವು ದೇಶದವರಿಗೆ ಒಪ್ಪಂದದ ಮೇಲೆ ಬಿಟ್ಟಿದಾರೆ, ಇಂಡಿಯಾ ಅದರಲ್ಲಿಲ್ಲ. ಪೌರತ್ವಕ್ಕೆ ನಮಗೆ ಹತ್ತು ವರ್ಷ, ಲ್ಯಾಟಿನ್ ಅಮೆರಿಕದವರಿಗೆ ಎರಡೇ, ಜೊತೆಗೆ ಸ್ಪ್ಯಾನಿಷ್ ಭಾಷೆಯ ಎ2 ಅನ್ನೋ ಆರಂಭಿಕ ಮಟ್ಟದ ಪರೀಕ್ಷೆ, ಸಂವಿಧಾನ ಮತ್ತು ಸಮಾಜದ ಮೇಲೆ 25 ಪ್ರಶ್ನೆಯ ಇನ್ನೊಂದು ಪರೀಕ್ಷೆ, 15 ಸರಿ ಆದ್ರೆ ಪಾಸ್. ಎಷ್ಟು ಸೀಟು, ಎಷ್ಟು ವರ್ಷಕ್ಕೊಮ್ಮೆ ಎಲೆಕ್ಷನ್, ಇಂಥವೆಲ್ಲ ಕೇಳ್ತಾರೆ, ಈಗಲೇ ಕಿವಿ ಮೇಲೆ ಹಾಕ್ಕೊಂಡಿದ್ರೆ ಆಮೇಲೆ ಓದೋದು ಕಮ್ಮಿ.

ಆದ್ರೆ ಬಂದ ವಾರವೇ ಪದ್ರೋನ್ ಮಾಡಿಸು, ಮುನಿಸಿಪಾಲಿಟೀಲಿ ನಾನು ಇಲ್ಲಿ ವಾಸ ಇದೀನಿ ಅಂತ ಹೆಸರು ಬರೆಸೋದು. ಡಾಕ್ಟರ್ ಕಾರ್ಡಿಗೆ, ರೆಸಿಡೆನ್ಸ್ ಕಾರ್ಡಿಗೆ, ಮುಂದೆ ಪೌರತ್ವಕ್ಕೆ ಎಲ್ಲದಕ್ಕೂ ಅದೇ ಬೇರು. ಮೇಲೆ ಹೇಳಿದ್ನಲ್ಲ ಮೂರನೇ ಸೀಟು, ಅದರ ಜನಸಂಖ್ಯೆ ತಗೊಳ್ಳೋದು ಈ ಪದ್ರೋನ್‌ನಿಂದಲೇ, ವಿದೇಶಿಯರೂ ಲೆಕ್ಕಕ್ಕೆ. ಕೌಂಟರಿನವರಿಗೆ ನೀನು ಒಂದು ತಲೆ ಜಾಸ್ತಿ, ಖುಷಿಯಾಗಿ ಮಾಡಿಕೊಡ್ತಾರೆ. ಕೆಲವು ಮನೆ ಓನರ್‌ಗಳು ಪದ್ರೋನ್ ಬೇಡ ಅಂತ ರಾಗ ಎಳೀತಾರೆ, ಅಂಥ ರೂಮು ಎಷ್ಟೇ ಅಗ್ಗ ಆದ್ರೂ ಬೇಡ ಅನ್ನು. ಎತ್ತರ ನಮ್ಮ ಬೆಂಗಳೂರಿನಷ್ಟೇ, 915 ಮೀಟರ್, ಹಾಗಂತ ಸ್ವೆಟರ್ ಸಾಕು ಅಂದ್ಕೋಬೇಡ, ಜನವರೀಲಿ ಮೈನಸ್ ಹತ್ತು ಸಲೀಸು, ಒಳ್ಳೆ ಜಾಕೆಟ್ ಇಲ್ಲೇ ತಗೋ. ಕುಕ್ಕರ್ ಗ್ಯಾಸ್ಕೆಟ್ ಎರಡು, ಸಾರಿನ ಪುಡಿ, ಹುಣಸೆಹಣ್ಣು ತಗೊಂಡು ಬಾ, ಬೇಳೆ ಅಕ್ಕಿಗೆ ತಿಂಗಳಿಗೊಮ್ಮೆ ನಾವು ವಲೆನ್ಸಿಯಾಗೆ ಹೋಗ್ತೀವಿ, ಕಾರಲ್ಲಿ ಜಾಗ ಇರುತ್ತೆ. ಟಿಕೆಟ್ ಆದ್ಮೇಲೆ ಡೇಟ್ ಕಳ್ಸು.